ನೆರೆಯವರ ಪವಿತ್ರ ಗ್ರಂಥವನ್ನು ಓದುವ ಬಗೆ: ಆದಿಗ್ರಂಥದ ಎರಡು ಇಂಗ್ಲಿಷ್ ಭಾಷಾಂತರಗಳ ಚರಿತ್ರೆ

ಸಿಖ್ಖರ ಪವಿತ್ರ ಗ್ರಂಥವು ಇಂಗ್ಲಿಷ್ ಭಾಷೆಗೆ ಬಂದ ಚರಿತ್ರೆಯಲ್ಲಿ ಎರಡು ವರ್ಷಗಳನ್ನು ನಾವು ಮುಖ್ಯವಾಗಿ ನೆನಪಿಡಬೇಕು. 1877ರಲ್ಲಿ ಎರ್ನೆಸ್ಟ್ ಟ್ರುಂಪ್ ಎಂಬ ಜರ್ಮನ್ ಪಂಡಿತನ ಭಾಷಾಂತರ ಲಂಡನಿನಲ್ಲಿ ಪ್ರಕಟವಾಯಿತು. 1909ರಲ್ಲಿ ಮ್ಯಾಕ್ಸ್ ಆರ್ಥರ್ ಮೆಕಾಲಿಫ್ ಎಂಬ ಐರಿಷ್ ಅಧಿಕಾರಿಯ ಆರು ಸಂಪುಟಗಳ ಕೃತಿ ಆಕ್ಸ್‌ಫರ್ಡಿನಲ್ಲಿ ಪ್ರಕಟವಾಯಿತು. ಇವೆರಡರ ನಡುವಣ ಅಂತರ ಮೂವತ್ತೆರಡು ವರ್ಷ. ಮೊದಲನೆಯದನ್ನು ಸಿಖ್ ಸಮುದಾಯವು ಅಪಮಾನವೆಂದು ಬಗೆಯಿತು; ಎರಡನೆಯದನ್ನು ತನ್ನದೆಂದೇ ಸ್ವೀಕರಿಸಿತು. ಒಂದೇ ಮೂಲದಿಂದ ಹೊರಟ ಎರಡು ಕೃತಿಗಳಿಗೆ ಇಷ್ಟು ಭಿನ್ನವಾದ ಗತಿ ಒದಗಿದ್ದೇಕೆ ಎಂಬುದನ್ನು ಈ ಲೇಖನದಲ್ಲಿ ವಿಚಾರಿಸುತ್ತೇವೆ.

ಇದು ಕ್ರೈಸ್ತ ದೈವಶಾಸ್ತ್ರದ ವಿದ್ಯಾರ್ಥಿಗಳಾದ ನಮಗೆ ಹೊರಗಿನ ವಿಷಯವಲ್ಲ. ಟ್ರುಂಪನು ಮಿಷನ್ ಸೇವೆಯ ಹಿನ್ನೆಲೆಯಿಂದ ಬಂದವನು. ಅವನ ತೀರ್ಪುಗಳ ಹಿಂದೆ ನಮ್ಮದೇ ದೈವಶಾಸ್ತ್ರದ ಪರಿಭಾಷೆ ಇದೆ. ಹತ್ತು ಆಜ್ಞೆಗಳಲ್ಲಿ ನೆರೆಯವನ ವಿಷಯದಲ್ಲಿ ಸುಳ್ಳುಸಾಕ್ಷಿಯನ್ನು ನಿಷೇಧಿಸುವ ಆಜ್ಞೆಯನ್ನು ನಾವು ನ್ಯಾಯಸ್ಥಾನಕ್ಕೂ ಬೀದಿಯ ಮಾತಿಗೂ ಅನ್ವಯಿಸಿ ಬೋಧಿಸುತ್ತೇವೆ. ನೆರೆಯವನ ಪ್ರಾರ್ಥನೆಯನ್ನು ನಮ್ಮ ಭಾಷೆಯಲ್ಲಿ ಬರೆದು, ಅವನು ನಂಬುವುದು ಇದೇ ಎಂದು ಲೋಕಕ್ಕೆ ಸಾರುವಾಗಲೂ ಆ ಆಜ್ಞೆ ನಮ್ಮನ್ನು ಬಂಧಿಸುತ್ತದಲ್ಲವೇ?

ಗ್ರಂಥದ ಸ್ವರೂಪ

ಆದಿಗ್ರಂಥವನ್ನು ಐದನೆಯ ಗುರು ಅರ್ಜನರು 1604ರಲ್ಲಿ ಅಮೃತಸರದಲ್ಲಿ ಸಂಕಲಿಸಿದರು. ಬರಹಗಾರರಾಗಿ ಭಾಯಿ ಗುರ್ದಾಸರು ಸೇವೆ ಸಲ್ಲಿಸಿದರು. ಒಂಬತ್ತನೆಯ ಗುರು ತೇಗ್ ಬಹಾದೂರರ ರಚನೆಗಳು ಅನಂತರ ಸೇರಿದವು. 1708ರಲ್ಲಿ ನಾಂದೇಡಿನಲ್ಲಿ ಗುರು ಗೋಬಿಂದ ಸಿಂಗರು ತಮ್ಮ ಬಳಿಕ ಗ್ರಂಥವೇ ಗುರುವೆಂದು ವಿಧಿಸಿದರೆಂಬುದು ಸಿಖ್ಖರ ನಂಬಿಕೆ. ಆದಕಾರಣ ಗುರುದ್ವಾರದಲ್ಲಿ ಗ್ರಂಥವು ಗದ್ದಿಗೆಯ ಮೇಲೆ ಕುಳಿತಿರುತ್ತದೆ. ಅದಕ್ಕೆ ಚಾಮರ ಬೀಸುತ್ತಾರೆ. ರಾತ್ರಿ ಅದನ್ನು ವಿಶ್ರಾಂತಿಗೆ ಕರೆದೊಯ್ಯುತ್ತಾರೆ. ಅದರ ಮುಂದೆ ತಲೆ ಮುಚ್ಚಿ, ಪಾದರಕ್ಷೆ ಕಳಚಿ, ನೆಲದ ಮೇಲೆ ಕುಳಿತುಕೊಳ್ಳುವುದು ಜೀವಂತ ಗುರುವಿಗೆ ಸಲ್ಲಿಸುವ ಮರ್ಯಾದೆಯೇ ಆಗಿದೆ.

ಈಗ ಬಳಕೆಯಲ್ಲಿರುವ ಮುದ್ರಿತ ಪ್ರತಿಯಲ್ಲಿ 1430 ಪುಟಗಳಿವೆ. ಗ್ರಂಥದ ಬಹುಭಾಗವನ್ನು ಕಾಲಾನುಕ್ರಮದಲ್ಲಾಗಲಿ ವಿಷಯಾನುಕ್ರಮದಲ್ಲಾಗಲಿ ಜೋಡಿಸದೆ, 31 ರಾಗಗಳ ಅನುಕ್ರಮದಲ್ಲಿ ಜೋಡಿಸಲಾಗಿದೆ. ಆರು ಗುರುಗಳ ವಾಣಿಯೊಡನೆ ಕಬೀರ, ನಾಮದೇವ, ರವಿದಾಸ, ಶೇಖ್ ಫರೀದ್ ಮೊದಲಾದ ಸಂತರ ವಾಣಿಯೂ ಇಲ್ಲಿದೆ. ಹೀಗಾಗಿ ಭಾಷೆಯೂ ಒಂದೇ ಅಲ್ಲ. ಪಶ್ಚಿಮ ಪಂಜಾಬಿನ ನುಡಿ, ಹಳೆಯ ಹಿಂದಿ, ಮರಾಠಿಯ ಛಾಯೆ, ಫಾರಸಿ ಹಾಗೂ ಅರಬಿ ಶಬ್ದಗಳು ಗುರ್ಮುಖಿ ಎಂಬ ಒಂದೇ ಲಿಪಿಯಲ್ಲಿ ಕೂಡಿವೆ. ಮೂಲಪಾಠದಲ್ಲಿ ಪದಗಳನ್ನು ಬಿಡಿಸದೆ ಸಾಲುದ್ದಕ್ಕೂ ಕೂಡಿಸಿ ಬರೆಯುವುದು ಹಳೆಯ ಪದ್ಧತಿ. ಎಲ್ಲಿ ಒಂದು ಪದ ಮುಗಿದು ಇನ್ನೊಂದು ಆರಂಭವಾಗುತ್ತದೆ ಎಂಬುದನ್ನು ಓದುಗನು ಗುರುಮುಖದಿಂದಲೇ ಕಲಿಯಬೇಕಾಗಿತ್ತು. ಆದ್ದರಿಂದ ಓದುವುದೆಂದರೆ ಒಂದು ಪರಂಪರೆಗೆ ಶಿಷ್ಯನಾಗುವುದೇ ಆಗಿತ್ತು. ಈ ಸಂಗತಿಯನ್ನು ಮರೆತರೆ ಮುಂದಿನ ಚರಿತ್ರೆ ಅರ್ಥವಾಗದು.

ಟ್ರುಂಪನ ಪಾಂಡಿತ್ಯ, ಟ್ರುಂಪನ ಸೋಲು

ಎರ್ನೆಸ್ಟ್ ಟ್ರುಂಪ್ 1828ರಲ್ಲಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ಇಲ್ಸ್‌ಫೆಲ್ಡ್ ಎಂಬ ಊರಿನಲ್ಲಿ ಹುಟ್ಟಿದನು. ಕನ್ನಡಿಗರಿಗೆ ಆ ಸೀಮೆ ಅಪರಿಚಿತವಲ್ಲ. ಮಂಗಳೂರ ಸಮಾಚಾರವನ್ನು 1843ರಲ್ಲಿ ಹೊರಡಿಸಿದ ಹೆರ್ಮನ್ ಮೋಗ್ಲಿಂಗನೂ ಅದೇ ವ್ಯುರ್ಟೆಂಬರ್ಗಿನವನು. ಟ್ರುಂಪನು 1850ರ ದಶಕದಲ್ಲಿ ಚರ್ಚ್ ಮಿಷನರಿ ಸೊಸೈಟಿಯ ಆಶ್ರಯದಲ್ಲಿ ಭಾಷಾಧ್ಯಯನಕ್ಕಾಗಿ ಕರಾಚಿಗೆ ಬಂದನು. ಆಮೇಲೆ ಪೇಷಾವರದಲ್ಲಿ ಪಶ್ತೋ ಭಾಷೆಯನ್ನು ಅಭ್ಯಸಿಸಿದನು. ಸಿಂಧಿನ ಸೂಫಿ ಕವಿ ಷಾ ಅಬ್ದುಲ್ ಲತೀಫರ ಕಾವ್ಯಸಂಗ್ರಹವನ್ನು 1866ರಲ್ಲಿ ಲೈಪ್ಸಿಗಿನಲ್ಲಿ ಅಚ್ಚು ಹಾಕಿಸಿದನು. 1872ರಲ್ಲಿ ಅವನ ಸಿಂಧಿ ವ್ಯಾಕರಣವೂ 1873ರಲ್ಲಿ ಪಶ್ತೋ ವ್ಯಾಕರಣವೂ ಹೊರಬಂದವು. ಆದಿಗ್ರಂಥವನ್ನು ಭಾಷಾಂತರಿಸುವ ಕೆಲಸವನ್ನು ಬ್ರಿಟಿಷ್ ಸರಕಾರದ ಇಂಡಿಯಾ ಆಫೀಸು ಅವನಿಗೆ ವಹಿಸಿದಾಗ, ಯೂರೋಪಿನಲ್ಲಿ ಆ ಕಾರ್ಯಕ್ಕೆ ಅವನಿಗಿಂತ ಹೆಚ್ಚು ಸಿದ್ಧನಾದ ಇನ್ನೊಬ್ಬ ವಿದ್ವಾಂಸನನ್ನು ಹುಡುಕುವುದು ಕಷ್ಟವಾಗಿತ್ತು.

1870ರಲ್ಲಿ ಅವನು ಲಾಹೋರಿಗೆ ಬಂದನು. ಗ್ರಂಥದ ಭಾಷೆಗೆ ಆಗ ನಿಘಂಟಾಗಲಿ ವ್ಯಾಕರಣವಾಗಲಿ ಇರಲಿಲ್ಲ. ಗ್ರಂಥಿಗಳ ಸಹಾಯ ಕೇಳಿದನು. ಅವರ ವಿವರಣೆ ಅವನಿಗೆ ಹಿಡಿಸಲಿಲ್ಲ. ಅವರಿಗೆ ಹಳೆಯ ಭಾಷೆಯೇ ತಿಳಿಯದು, ಬಾಯಿಪಾಠದ ಅರ್ಥಗಳನ್ನು ಒಪ್ಪಿಸುತ್ತಾರೆ ಎಂದು ತೀರ್ಮಾನಿಸಿ, ಸ್ವಪ್ರಯತ್ನದಿಂದಲೇ ಓದಲು ತೊಡಗಿದನು. ಅಮೃತಸರದಲ್ಲಿ ಗ್ರಂಥಿಗಳ ಸಮ್ಮುಖದಲ್ಲೇ, ಪವಿತ್ರ ಗ್ರಂಥ ತೆರೆದಿರುವಾಗ, ಅವನು ಚುಟ್ಟಾ ಸೇದಿದನೆಂಬ ಮಾತು ಸಿಖ್ಖರಲ್ಲಿ ಇಂದಿಗೂ ಉಳಿದಿದೆ. ಖಾಲ್ಸಾ ಶಿಸ್ತಿನಲ್ಲಿ ತಂಬಾಕು ನಿಷಿದ್ಧ. ಒಂದು ಸಮುದಾಯವು ಭಾಷಾಂತರಕಾರನ ಒಂದು ತಪ್ಪು ಅರ್ಥವನ್ನು ಮರೆತೀತು. ಅವನು ತನ್ನ ಗುರುವಿನ ಸನ್ನಿಧಿಯಲ್ಲಿ ಹೇಗೆ ಕುಳಿತಿದ್ದನೆಂಬುದನ್ನು ಮರೆಯಲಾರದು.

1877ರ ಕೃತಿಯಲ್ಲಿ ಗ್ರಂಥದ ಸುಮಾರು ಮೂರನೆಯ ಒಂದು ಭಾಗ ಮಾತ್ರ ಭಾಷಾಂತರವಾಗಿದೆ. ಮುನ್ನುಡಿಯಲ್ಲಿ ಟ್ರುಂಪನು ತನ್ನ ಅಭಿಪ್ರಾಯವನ್ನು ಮರೆಮಾಡಲಿಲ್ಲ. ಗ್ರಂಥವು ಅಸಂಬದ್ಧವೂ ಆಳವಿಲ್ಲದ್ದೂ ಆಗಿದೆ, ಓದುವವನಿಗೆ ಬೇಸರ ತರಿಸುತ್ತದೆ, ಅದರ ನಿಜವಾದ ಬೆಲೆ ಹಳೆಯ ನುಡಿಗಳ ಭಂಡಾರವೆಂಬುದರಲ್ಲಿದೆ ಎಂಬುದು ಅವನ ತೀರ್ಪು. ಸಿಖ್ ಧರ್ಮವು ಕ್ಷೀಣಿಸುತ್ತಿದೆ, ಬೇಗನೆ ಚರಿತ್ರೆಯ ವಸ್ತುವಾಗಲಿದೆ ಎಂದೂ ಭವಿಷ್ಯ ನುಡಿದನು. ಗುರುಗಳ ದೇವರ ಕಲ್ಪನೆಯನ್ನು ಸರ್ವದೇವವಾದವೆಂಬ ವರ್ಗಕ್ಕೆ ಸೇರಿಸಿ, ಅದರಲ್ಲೂ ಸ್ಥೂಲ, ಸೂಕ್ಷ್ಮ ಎಂಬ ಭೇದಗಳನ್ನು ಮಾಡಿದನು.

ಈ ಸೋಲಿಗೆ ಪಾಂಡಿತ್ಯದ ಕೊರತೆ ಕಾರಣವಲ್ಲ ಎಂಬುದನ್ನು ನಾವು ಒತ್ತಿ ಹೇಳಬೇಕು. ದೋಷವಿದ್ದದ್ದು ಅವನು ಕೇಳಿದ ಪ್ರಶ್ನೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಜರ್ಮನ್ ವಿದ್ಯಾಪೀಠಗಳಲ್ಲಿ ದೇವರ ಕುರಿತ ಚಿಂತನೆಗೆ ವ್ಯವಸ್ಥಿತ ಸಿದ್ಧಾಂತದ ರೂಪವಿರಬೇಕೆಂಬ ನಿರೀಕ್ಷೆ ಇತ್ತು. ಟ್ರುಂಪನು ಹಾಡಿನ ಪುಸ್ತಕದಲ್ಲಿ ಸಿದ್ಧಾಂತದ ಪುಸ್ತಕವನ್ನು ಹುಡುಕಿದನು. ಸಿಗದಾಗ ಹಾಡನ್ನು ದೂಷಿಸಿದನು. ಇದೇ ಅಳತೆಗೋಲಿನಿಂದ ನಮ್ಮ ದಾವೀದನ ಕೀರ್ತನೆಗಳನ್ನು ಅಳೆದರೆ ಅವುಗಳಲ್ಲಿಯೂ ಪುನರುಕ್ತಿ, ವಿರೋಧಾಭಾಸ, ಅಸಂಬದ್ಧತೆ ಹೇರಳವಾಗಿ ಕಾಣಬಹುದು. ಕೀರ್ತನೆಗಳನ್ನು ನಾವು ಹಾಗೆ ಓದುವುದಿಲ್ಲ. ಏಕೆಂದರೆ ಅವನ್ನು ಹಾಡುವ ಸಭೆಯೊಳಗೆ ನಾವು ಬೆಳೆದಿದ್ದೇವೆ.

ಸಿಖ್ಖರ ಉತ್ತರ

ಟ್ರುಂಪನ ಪುಸ್ತಕ ಬಂದ ಕಾಲದಲ್ಲಿ ಪಂಜಾಬು ಶಾಂತವಾಗಿರಲಿಲ್ಲ. ಸೆರಾಂಪುರದ ವಿಲಿಯಂ ಕೇರಿ 1812ರಲ್ಲಿ ಪಂಜಾಬಿ ವ್ಯಾಕರಣವನ್ನೂ 1815ರಲ್ಲಿ ಪಂಜಾಬಿ ಹೊಸ ಒಡಂಬಡಿಕೆಯನ್ನೂ ಪ್ರಕಟಿಸಿದ್ದನು. 1830ರ ದಶಕದಿಂದ ಲೂಧಿಯಾನದ ಅಮೆರಿಕನ್ ಪ್ರೆಸ್ಬಿಟೇರಿಯನ್ ಮಿಷನ್ನಿನ ಮುದ್ರಣಾಲಯವು ಗುರ್ಮುಖಿಯಲ್ಲಿ ಕ್ರೈಸ್ತ ಸಾಹಿತ್ಯವನ್ನು ಹೊರತರುತ್ತಿತ್ತು; 1854ರಲ್ಲಿ ಆ ಮಿಷನ್ನಿನಿಂದ ಪಂಜಾಬಿ ನಿಘಂಟೂ ಬಂದಿತು. 1873ರಲ್ಲಿ ಅಮೃತಸರದ ಮಿಷನ್ ಶಾಲೆಯ ನಾಲ್ವರು ಸಿಖ್ ವಿದ್ಯಾರ್ಥಿಗಳು ದೀಕ್ಷಾಸ್ನಾನ ಹೊಂದುವ ಇಂಗಿತವನ್ನು ತಿಳಿಸಿದಾಗ ಸಿಖ್ ಮುಖಂಡರು ಎಚ್ಚತ್ತು ಸಿಂಗ್ ಸಭಾ ಎಂಬ ಸಂಸ್ಥೆಯನ್ನು ಕಟ್ಟಿದರು. 1879ರಲ್ಲಿ ಲಾಹೋರಿನಲ್ಲಿಯೂ ಒಂದು ಸಭೆ ಹುಟ್ಟಿತು. ಮಿಷನ್ ಶಾಲೆಯಲ್ಲಿ ಓದಿದ ಭಾಯಿ ವೀರ್ ಸಿಂಗರು 1894ರಲ್ಲಿ ಖಾಲ್ಸಾ ಟ್ರ್ಯಾಕ್ಟ್ ಸೊಸೈಟಿಯನ್ನು ಸ್ಥಾಪಿಸುವಲ್ಲಿ ಮುಂದಾಳಾದರು. ಕರಪತ್ರವೆಂಬ ಸಾಧನ ಮಿಷನೆರಿಗಳದು. ಅದರಲ್ಲಿ ಮೊಳಗಿದ ದನಿ ಸಿಖ್ಖರದು.

ಟ್ರುಂಪನ ಕೃತಿಗೆ ಪ್ರತಿಯಾಗಿ ಫರೀದ್‌ಕೋಟಿನ ರಾಜ ಬಿಕ್ರಮ ಸಿಂಗನು ಸಂಪೂರ್ಣ ಗ್ರಂಥಕ್ಕೆ ಒಂದು ಟೀಕೆಯನ್ನು ಬರೆಯಿಸಲು ಮುಂದಾದನು. ಗ್ಯಾನಿ ಬದನ್ ಸಿಂಗರು ಅದನ್ನು ಸಿದ್ಧಪಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಅಚ್ಚಾಯಿತು. ನಿರ್ಮಲ ಪಂಥದ ವೇದಾಂತಪರ ದೃಷ್ಟಿ ಅದರಲ್ಲಿ ದಟ್ಟವಾಗಿದೆ. ಹೊರಗಿನವನ ತಪ್ಪು ಓದಿಗೆ ಉತ್ತರವಾಗಿ ಒಳಗಿನವರ ಮೊದಲ ಸಮಗ್ರ ವ್ಯಾಖ್ಯಾನ ಮುದ್ರಣಕ್ಕೆ ಬಂದಿತೆಂಬುದು ಗಮನಾರ್ಹ.

ಇನ್ನೊಂದು ಸಂಗತಿಯನ್ನೂ ನ್ಯಾಯದೃಷ್ಟಿಯಿಂದ ಹೇಳಬೇಕು. ಲಂಡನಿನ ಇಂಡಿಯಾ ಆಫೀಸಿನ ಗ್ರಂಥಾಲಯದಲ್ಲಿ ಕೋಲ್‌ಬ್ರೂಕ್ ಕೊಟ್ಟಿದ್ದ ಹಸ್ತಪ್ರತಿಗಳ ನಡುವೆ ಗುರು ನಾನಕರ ಬಹು ಹಳೆಯ ಜನಮ್‌ಸಾಖಿಯೊಂದನ್ನು, ಎಂದರೆ ಜೀವನಕಥೆಯನ್ನು, ಕಂಡುಹಿಡಿದವನು ಟ್ರುಂಪನೇ. ಆ ಹಸ್ತಪ್ರತಿಯನ್ನು 1880ರ ದಶಕದಲ್ಲಿ ಪಂಜಾಬಿಗೆ ತರಿಸಿ ಪ್ರತಿಗಳನ್ನು ಮಾಡಲಾಯಿತು. 1926ರಲ್ಲಿ ವೀರ್ ಸಿಂಗರು ಪ್ರಕಟಿಸಿದ ಪುರಾತನ್ ಜನಮ್‌ಸಾಖಿಗೆ ಅದು ಒಂದು ಆಧಾರವಾಯಿತು. ಗ್ರಂಥವನ್ನು ತಿರಸ್ಕರಿಸಿದವನ ಕೈಯಿಂದಲೇ ಗುರುವಿನ ಪ್ರಾಚೀನ ಚರಿತ್ರೆ ಅವರ ಭಕ್ತರಿಗೆ ಮರಳಿ ದೊರಕಿತು.

ಮೆಕಾಲಿಫನ ಕೃತಿ

ಮೆಕಾಲಿಫನು 1860ರ ದಶಕದಲ್ಲಿ ಸಿವಿಲ್ ಸರ್ವೀಸಿನ ಅಧಿಕಾರಿಯಾಗಿ ಪಂಜಾಬಿಗೆ ಬಂದವನು. ಸಿಖ್ ಭಕ್ತಿಗೀತಗಳು ಅವನನ್ನು ಸೆಳೆದವು. 1893ರಲ್ಲಿ ಅವನು ಹುದ್ದೆಯನ್ನು ಬಿಟ್ಟು ಭಾಷಾಂತರಕ್ಕೆ ತನ್ನನ್ನು ಒಪ್ಪಿಸಿಕೊಂಡನು. ಟ್ರುಂಪನು ಗುರುಗಳಿಗೂ ಅವರ ಧರ್ಮಕ್ಕೂ ಮಾಡಿದ ಅಪಮಾನಕ್ಕೆ ಕಿಂಚಿತ್ತಾದರೂ ಪರಿಹಾರ ಸಲ್ಲಿಸುವುದು ತನ್ನ ಉದ್ದೇಶಗಳಲ್ಲಿ ಒಂದೆಂದು ಅವನು ಬಹಿರಂಗವಾಗಿ ಬರೆದನು.

ಅವನ ವಿಧಾನ ಟ್ರುಂಪನ ವಿಧಾನಕ್ಕೆ ತದ್ವಿರುದ್ಧ. ಭಾಯಿ ಕಾಹ್ನ್ ಸಿಂಗ್ ನಾಭಾ, ಗ್ಯಾನಿ ಹಜಾರಾ ಸಿಂಗ್ ಮೊದಲಾದ ವಿದ್ವಾಂಸರ ಬಳಿ ಕುಳಿತು ಅವನು ಅರ್ಥ ಕೇಳಿದನು. ಮಾಡಿದ ಭಾಷಾಂತರವನ್ನು ಸಿಖ್ ಪಂಡಿತರ ಪರಿಶೀಲನೆಗೆ ಒಪ್ಪಿಸಿ, ಅವರು ತೋರಿಸಿದ ತಿದ್ದುಪಾಡುಗಳನ್ನು ಸೇರಿಸಿಕೊಂಡನು. ಗೀತಗಳನ್ನು ರಾಗಾನುಕ್ರಮದಲ್ಲಿ ಕೊಡದೆ, ಗುರುಗಳ ಜೀವನಕಥೆಯ ನಡುವೆ ಆಯಾ ಸಂದರ್ಭದಲ್ಲಿ ಹೊಂದಿಸಿದನು. ಇದರಿಂದ ಇಂಗ್ಲಿಷ್ ಓದುಗನಿಗೆ ಗೀತದ ಹಿಂದಿನ ಮನುಷ್ಯರು ಕಾಣಿಸಿದರು.

ಆದರೆ ಮೆಕಾಲಿಫನ ಪ್ರೀತಿಯೂ ವಿಮರ್ಶೆಗೆ ಹೊರತಲ್ಲ. ಕಾಹ್ನ್ ಸಿಂಗರು ಸಿಖ್ಖರು ಹಿಂದೂಗಳಲ್ಲವೆಂದು 1898ರಲ್ಲಿ ಪುಸ್ತಕ ಬರೆದವರು. ಲಾಹೋರಿನ ಸುಧಾರಣಾ ಪಕ್ಷದ ಧ್ವನಿ ಅವರದು. ಮೆಕಾಲಿಫನು ಸಿಖ್ ಪರಂಪರೆಯ ಹಲವು ದನಿಗಳಲ್ಲಿ ಈ ಒಂದು ದನಿಗೆ ಹೆಚ್ಚು ಕಿವಿಗೊಟ್ಟನು. ಗೀತಗಳಿಗೆ ಜೀವನಕಥೆಯ ಚೌಕಟ್ಟು ಹಾಕಿದಾಗ, ಎಲ್ಲ ಕಾಲದ ಭಕ್ತನೂ ತನ್ನದಾಗಿ ಹಾಡಬಹುದಾದ ಪದವು ಎಂದೋ ಒಂದು ದಿನ ಯಾರೋ ಒಬ್ಬರಿಗೆ ಕೊಟ್ಟ ಉತ್ತರವಾಗಿ ಕಿರಿದಾಗುವ ಅಪಾಯವಿದೆ. ಸಿಖ್ಖರ ರಾಜನಿಷ್ಠೆಯನ್ನು ಹೊಗಳಿ ಬ್ರಿಟಿಷ್ ಆಳ್ವಿಕೆಗೆ ಅವರು ಹಿತವರೆಂದು ತೋರಿಸುವ ಆಸೆಯೂ ಅವನ ಬರಹದಲ್ಲಿ ಇದೆ. ವಿನಯದಿಂದ ಕೇಳುವವನೂ ಯಾರನ್ನು ಕೇಳುತ್ತಿದ್ದೇನೆ, ಯಾರನ್ನು ಕೇಳಲಿಲ್ಲ ಎಂಬುದನ್ನು ತಾನೇ ಪ್ರಶ್ನಿಸಿಕೊಳ್ಳಬೇಕು.

ಶಬ್ದಗಳ ತೊಡಕು

ಇಬ್ಬರನ್ನೂ ಕಾಡಿದ ತೊಡಕು ಶಬ್ದಗಳದು. ಗ್ರಂಥವು ದೇವರನ್ನು ಹರಿ, ರಾಮ, ಅಲ್ಲಾ, ಖುದಾ, ಸಾಹಿಬ್ ಮುಂತಾದ ಅನೇಕ ಹೆಸರುಗಳಿಂದ ಕರೆಯುತ್ತದೆ. ಆ ಹೆಸರುಗಳನ್ನೆಲ್ಲ ಇಂಗ್ಲಿಷಿನ ಒಂದೆರಡು ಪದಗಳಿಗೆ ಇಳಿಸಿದರೆ, ಹಿಂದೂ ಮತ್ತು ಮುಸಲ್ಮಾನ ಹೆಸರುಗಳನ್ನು ಒಂದೇ ಉಸಿರಿನಲ್ಲಿ ಕರೆಯುವ ಧೈರ್ಯವೇ ಮಾಯವಾಗುತ್ತದೆ. ಗ್ರಂಥದ ಆರಂಭದ ಚಿಹ್ನೆಯಲ್ಲಿ ಒಂದು ಎಂಬುದು ಪದವಾಗಿರದೆ ಅಂಕಿಯಾಗಿದೆ. ಅಂಕಿಗೆ ಲಿಂಗವಿಲ್ಲ. ಭಾಷಾಂತರದಲ್ಲಿ ಮಾತ್ರ ಅದು ಪುಲ್ಲಿಂಗದ ದೇವರಾಗಿ ನಿಲ್ಲುತ್ತದೆ. ನಿಕ್ಕಿ ಗುನಿಂದರ್ ಕೌರ್ ಸಿಂಗ್ ಅವರು ತಮ್ಮ ಭಾಷಾಂತರಗಳಲ್ಲಿಯೂ ಬರಹಗಳಲ್ಲಿಯೂ ಈ ಅಂಶವನ್ನು ಎತ್ತಿ ತೋರಿಸಿದ್ದಾರೆ. ಮೂಲದಲ್ಲಿ ಭಕ್ತನು ಎಷ್ಟೋ ಸಾರಿ ಮದಲಗಿತ್ತಿಯ ದನಿಯಲ್ಲಿ ನುಡಿಯುತ್ತಾನೆ. ಪರಮಗೀತವನ್ನು ಬಲ್ಲ ನಮಗೆ ಈ ದನಿ ಹೊಸದಲ್ಲ.

ಇಬ್ಬರೂ ಇಂಗ್ಲಿಷ್ ಬೈಬಲಿನ ಹಳೆಯ ಭಾಷಾಶೈಲಿಯನ್ನು ಬಳಸಿದರು. ಪವಿತ್ರವಾದುದಕ್ಕೆ ಅಂದು ಅದೇ ಶೈಲಿ ತಕ್ಕದ್ದೆನಿಸಿತ್ತು. ಆದರೆ ಇದರಿಂದ ಓದುಗನು ತನಗೆ ಅರಿವಿಲ್ಲದೆಯೇ ಸಿಖ್ ಪದಗಳೊಳಗೆ ಕ್ರೈಸ್ತ ಅರ್ಥವನ್ನು ತುಂಬಿಕೊಳ್ಳುತ್ತಾನೆ. ನದರ್ ಎಂದರೆ ದೃಷ್ಟಿ. ದೇವರು ಭಕ್ತನ ಮೇಲೆ ಹರಿಸುವ ನೋಟ. ಅದನ್ನು ಕೃಪೆ ಎಂದ ಕೂಡಲೆ ನಮಗೆ ರೋಮಾಪುರದವರಿಗೆ ಬರೆದ ಪತ್ರಿಕೆ ನೆನಪಾಗುತ್ತದೆ. ಹೌಮೈ ಎಂದರೆ ನಾನು, ನಾನು ಎಂಬ ಬೇರ್ಪಡುವ ಗುಣ. ಅದನ್ನು ಪಾಪ ಎಂದರೆ ಆದಾಮನ ಕಥೆ ಒಳಹೊಕ್ಕುತ್ತದೆ. ಸಬದ್ ಎಂಬುದನ್ನು ವಾಕ್ಯ ಎಂದರೆ ಯೋಹಾನನ ಸುವಾರ್ತೆಯ ಪೀಠಿಕೆ ಕಿವಿಯಲ್ಲಿ ಮೊಳಗುತ್ತದೆ. ಹೋಲಿಕೆ ಇಲ್ಲವೆಂದು ನಾವು ಹೇಳುವುದಿಲ್ಲ. ಹೋಲಿಕೆಯು ವಿಚಾರದ ಕೊನೆಯಲ್ಲಿ ದೊರೆಯಬೇಕಾದ ಫಲ. ಭಾಷಾಂತರದ ಮೊದಲ ಹೆಜ್ಜೆಯಲ್ಲೇ ಅದನ್ನು ಕದ್ದು ತರಬಾರದು. ಟ್ರುಂಪನು ಸಿಖ್ ಧರ್ಮ ನಮ್ಮದಕ್ಕಿಂತ ಕೀಳೆಂದು ತೋರಿಸಲು ನಮ್ಮ ಪರಿಭಾಷೆಯನ್ನು ಬಳಸಿದನು. ನಮ್ಮದರಂತೆಯೇ ಇದೆಯೆಂದು ತೋರಿಸಲು ಅದೇ ಪರಿಭಾಷೆಯನ್ನು ಬಳಸುವುದು ಅಷ್ಟೇ ತಪ್ಪು, ಸೌಜನ್ಯದ ವೇಷದಲ್ಲಿರುವುದೊಂದೇ ವ್ಯತ್ಯಾಸ.

ಭಕ್ತಿ ಮತ್ತು ವ್ಯಾಕರಣ

ಹಾಗಾದರೆ ಭಕ್ತಿಯೊಂದಿದ್ದರೆ ಸಾಕೇ? ಪ್ರೊಫೆಸರ್ ಸಾಹಿಬ್ ಸಿಂಗರ ಜೀವನಕಾರ್ಯವು ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. 1892ರಲ್ಲಿ ಹಿಂದೂ ಕುಟುಂಬದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಸಿಖ್ ದೀಕ್ಷೆ ಪಡೆದ ಅವರು ಸಂಸ್ಕೃತವನ್ನು ಕಲಿತವರು. ಗ್ರಂಥದಲ್ಲಿ ಪದಗಳ ಕೊನೆಗೆ ಬರುವ ಹ್ರಸ್ವ ಇಕಾರ ಮತ್ತು ಉಕಾರಗಳನ್ನು ಬಹುಮಂದಿ ಉಚ್ಚಾರಣೆಯಲ್ಲಿ ಬಿಟ್ಟುಬಿಡುತ್ತಿದ್ದರು. ಅವು ಛಂದಸ್ಸಿಗಾಗಿ ಬಂದವೆಂದು ಎಣಿಸುತ್ತಿದ್ದರು. ಅವು ವಿಭಕ್ತಿಯ ಗುರುತುಗಳೆಂಬುದನ್ನು ಸಾಹಿಬ್ ಸಿಂಗರು ಗ್ರಂಥದುದ್ದಕ್ಕೂ ಪರೀಕ್ಷಿಸಿ ನಿಯಮಗಳಾಗಿ ನಿರೂಪಿಸಿದರು. ಉಕಾರಾಂತವಾದ ಗುರು ಎಂಬ ರೂಪ ಏಕವಚನದ ಕರ್ತೃವನ್ನು ಸೂಚಿಸಿದರೆ, ಇಕಾರಾಂತವಾದ ಗುರಿ ಎಂಬುದಕ್ಕೆ ಗುರುವಿನಿಂದ ಎಂದರ್ಥ. ಸ್ವರಚಿಹ್ನೆಯಿಲ್ಲದ ಗುರ ಎಂಬುದು ಗುರುವಿನ ಎಂಬ ಸಂಬಂಧವನ್ನು ಹೇಳಬಲ್ಲದು. ಒಂದು ಸಣ್ಣ ಗುರುತನ್ನು ಅಲಕ್ಷಿಸಿದರೆ ಮಾಡುವವನು ಯಾರು, ಯಾರ ಮೂಲಕ ಕಾರ್ಯ ನಡೆಯಿತು ಎಂಬುದೇ ತಲೆಕೆಳಗಾಗುತ್ತದೆ. ಪದದಲ್ಲಿ ರಹಾಉ ಎಂದು ಗುರುತಿಸಿದ ಪಲ್ಲವಿಯ ಸಾಲಿನಲ್ಲಿ ಇಡೀ ಪದದ ಮುಖ್ಯ ವಿಚಾರವಿರುತ್ತದೆ, ಉಳಿದ ನುಡಿಗಳನ್ನು ಅದರ ಬೆಳಕಿನಲ್ಲಿ ಓದಬೇಕು ಎಂಬ ಸೂತ್ರವನ್ನೂ ಅವರು ಬಳಸಿದರು. 1960ರ ದಶಕದಲ್ಲಿ ಹತ್ತು ಸಂಪುಟಗಳಲ್ಲಿ ಬಂದ ಅವರ ದರ್ಪಣವೆಂಬ ವ್ಯಾಖ್ಯಾನ ಇಂದಿಗೂ ಭಾಷಾಂತರಕಾರರಿಗೆ ಆಧಾರ.

ಸಿಂಧಿ ಭಾಷೆಯ ಪದಗಳೂ ಹ್ರಸ್ವ ಸ್ವರಗಳಲ್ಲಿ ಕೊನೆಗೊಳ್ಳುತ್ತವೆ. ಆ ಭಾಷೆಗೆ ವ್ಯಾಕರಣ ಬರೆದ ಟ್ರುಂಪನಿಗೆ ಈ ಬಾಗಿಲು ತೆರೆದೇ ಇತ್ತು. ವ್ಯಾಕರಣದಿಂದ ಗ್ರಂಥವನ್ನು ಓದಬೇಕೆಂಬ ಅವನ ಹಟದಲ್ಲಿ ಸತ್ಯವಿತ್ತು. ಅವನಲ್ಲಿದ್ದ ವ್ಯಾಕರಣವೂ ಮೆಕಾಲಿಫನಲ್ಲಿದ್ದ ಗೌರವವೂ ಸಾಹಿಬ್ ಸಿಂಗರಲ್ಲಿ ಒಂದುಗೂಡಿದವು. ಪ್ರೀತಿಸುವವನು ಸಣ್ಣ ಅಕ್ಷರವನ್ನೂ ಕಡೆಗಣಿಸನು. ಅಂಥವನ ಕೈಯಲ್ಲಿ ವ್ಯಾಕರಣವೂ ಸೇವೆಯಾಗುತ್ತದೆ.

ನಮ್ಮ ಪಾಲಿನ ಪಾಠ

ಸಿಖ್ ಪರಂಪರೆ ಕರ್ನಾಟಕಕ್ಕೆ ದೂರವಾದುದೇನಲ್ಲ. ಗುರು ನಾನಕರ ಹೆಸರಿನ ಝರಿಯಿರುವ ಗುರುದ್ವಾರ ಬೀದರಿನಲ್ಲಿದೆ. 1699ರಲ್ಲಿ ಖಾಲ್ಸಾ ದೀಕ್ಷೆಗೆ ತಲೆಯೊಡ್ಡಿದ ಐವರು ಪ್ರಿಯರಲ್ಲಿ ಭಾಯಿ ಸಾಹಿಬ್ ಸಿಂಗರು ಬೀದರಿನವರೆಂದು ಪರಂಪರೆ ಹೇಳುತ್ತದೆ. ಇನ್ನೊಂದು ಕಡೆ, ಟ್ರುಂಪನ ಸೀಮೆಯವನೇ ಆದ ಮೋಗ್ಲಿಂಗನು 1850ರ ಸುಮಾರಿನಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚು ಹಾಕಿಸಿದನು. ಆ ಪದಗಳ ನಂಬಿಕೆಯನ್ನು ಅವನು ಒಪ್ಪಿರಲಿಲ್ಲ. ಆದರೂ ಹಾಡುವವರ ಪಾಠವನ್ನು ಕಾಪಾಡಿ ಅವರ ಮಕ್ಕಳಿಗೆ ಉಳಿಸಿದನು. ಒಂದೇ ನೆಲದ, ಒಂದೇ ವಿಶ್ವಾಸದ ಹಿನ್ನೆಲೆಯಿಂದ ಬಂದವರು ಬೇರೆ ಬೇರೆ ರೀತಿಯಲ್ಲಿ ನಡೆದುಕೊಳ್ಳಲು ಸಾಧ್ಯವಿತ್ತು. ಕಾಲವೇ ಹಾಗಿತ್ತು ಎಂದು ಹೇಳಿ ಟ್ರುಂಪನನ್ನು ಬಿಟ್ಟುಬಿಡಲು ಇದು ನಮಗೆ ಅವಕಾಶ ಕೊಡುವುದಿಲ್ಲ.

ಅಪೊಸ್ತಲರ ಕೃತ್ಯಗಳು ಎಂಟನೆಯ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿಯು ಯೆಶಾಯನ ಗ್ರಂಥವನ್ನು ಓದುತ್ತಿರುವಾಗ, ದಾರಿತೋರಿಸುವವರಿಲ್ಲದೆ ತನಗೆ ತಿಳಿಯದೆಂದು ಒಪ್ಪಿಕೊಂಡು ಫಿಲಿಪ್ಪನನ್ನು ರಥದೊಳಗೆ ಕರೆಯುತ್ತಾನೆ. ಈ ಭಾಗವನ್ನು ಬೋಧಿಸುವಾಗ ನಾವು ಸಾಮಾನ್ಯವಾಗಿ ಫಿಲಿಪ್ಪನ ಸ್ಥಾನದಲ್ಲಿ ನಮ್ಮನ್ನು ಇಟ್ಟುಕೊಳ್ಳುತ್ತೇವೆ. ನೆರೆಯವರ ಗ್ರಂಥದ ಮುಂದೆ ನಮ್ಮ ಸ್ಥಾನ ಕಂಚುಕಿಯದು. ಆ ದೊಡ್ಡ ಅಧಿಕಾರಿಯು ತನಗೆ ತಿಳಿಯದೆಂದು ಹೇಳಲು ನಾಚಲಿಲ್ಲ. ಟ್ರುಂಪನು ಲಾಹೋರಿನಲ್ಲಿ ಕಳೆದುಕೊಂಡದ್ದು ಈ ಒಂದು ಮಾತನ್ನು.

ಪಟಿಯಾಲ ಸಂಸ್ಥಾನದ ರಾಂಪುರದ ಸಿಖ್ ಮನೆಯಲ್ಲಿ 1889ರಲ್ಲಿ ಹುಟ್ಟಿ, 1905ರಲ್ಲಿ ಸಿಮ್ಲಾದಲ್ಲಿ ದೀಕ್ಷಾಸ್ನಾನ ಪಡೆದ ಸಾಧು ಸುಂದರ್ ಸಿಂಗರನ್ನು ನಮ್ಮ ಸಭೆಗಳು ಪ್ರೀತಿಯಿಂದ ಸ್ಮರಿಸುತ್ತವೆ. ದೇವರನ್ನು ಹುಡುಕುವ ಹಂಬಲವನ್ನು ಅವರಲ್ಲಿ ಮೊದಲು ಬಿತ್ತಿದವರು ಅವರ ಭಕ್ತೆಯಾದ ತಾಯಿ. ಆ ತಾಯಿ ಗೌರವಿಸಿದ ಗ್ರಂಥವನ್ನು ಆಳವಿಲ್ಲದ್ದೆಂದು ಬರೆದ ಪುಸ್ತಕವು ಆ ವೇಳೆಗಾಗಲೇ ಕ್ರೈಸ್ತ ಗ್ರಂಥಾಲಯಗಳ ಕಪಾಟುಗಳಲ್ಲಿತ್ತು. ನಾವು ಸುಂದರ್ ಸಿಂಗರಿಗಾಗಿ ದೇವರನ್ನು ಸ್ತುತಿಸುವುದಾದರೆ ಅವರ ತಾಯಿಯ ಪ್ರಾರ್ಥನೆಯ ವಿಷಯದಲ್ಲಿಯೂ ಸತ್ಯವನ್ನು ನುಡಿಯುವ ಹೊಣೆ ನಮ್ಮ ಮೇಲಿದೆ. ಆ ಹೊಣೆಯನ್ನು ಹೊರುವ ಮೊದಲ ಹೆಜ್ಜೆ ಕಷ್ಟದ್ದೇನಲ್ಲ: ಪಾದರಕ್ಷೆಯನ್ನು ಬಾಗಿಲಲ್ಲಿ ಬಿಟ್ಟು, ಗ್ರಂಥವನ್ನು ಬಲ್ಲವರ ಬಳಿ ನೆಲದ ಮೇಲೆ ಕುಳಿತು, ಅರ್ಥವೇನೆಂದು ಕೇಳುವುದು.